ಕಟ್ಟಿಗೆ ಇಟ್ಟು ಹೋದವರು

ಏಪ್ರಿಲ್ ರಜೆಯಲ್ಲಿ ಎಂಟು ವರ್ಷದ ಮಗಳನ್ನು ಕರೆದುಕೊಂಡು ನ್ಯೂಜಿಲೆಂಡಿನ ತರರುವಾ ಬೆಟ್ಟಸಾಲಿಗೆ ಹೋಗಿದ್ದೆವು. ವೆಲ್ಲಿಂಗ್ಟನ್‌ನಿಂದ ಜಾಸ್ತಿ ದೂರವೇನಿಲ್ಲ. ಹೊಳೆ ಪಕ್ಕದಲ್ಲೇ ಸಾಗುವ ಸುಲಭದ ದಾರಿ, ಮರಗಳಿಗೆ ಹೊಡೆದ ಕಿತ್ತಳೆ ಬಣ್ಣದ ತ್ರಿಕೋನ ನೋಡಿಕೊಂಡು ಹೋದರೆ ಸಾಕು. ಆದರೆ ಅರ್ಧ ದಾರಿಯಲ್ಲಿ ಮಳೆ ಹಿಡಿಯಿತು. ರಾತ್ರಿ ತಂಗಬೇಕಿದ್ದ ಗುಡಿಸಲು ಮುಟ್ಟುವಾಗ ಮೂವರೂ ತೊಪ್ಪೆ. ಮಗಳ ಹಲ್ಲು ಕಟಕಟ ಅನ್ನುತ್ತಿತ್ತು.

ನ್ಯೂಜಿಲೆಂಡಿನ ಕಾಡು ಬೆಟ್ಟಗಳಲ್ಲಿ ಸಂರಕ್ಷಣಾ ಇಲಾಖೆಯ ಇಂಥ ಗುಡಿಸಲುಗಳು 950ಕ್ಕೂ ಹೆಚ್ಚಿವೆ. ನಾವು ಹೋದದ್ದು ತೀರಾ ಸಾದಾ. ಬೀಗ ಇಲ್ಲ, ಕರೆಂಟ್ ಇಲ್ಲ, ನೋಡಿಕೊಳ್ಳುವವರೂ ಇಲ್ಲ. ಹಲಗೆ ಮಂಚ, ಸೂರಿನ ಮಳೆನೀರು ತುಂಬುವ ಟ್ಯಾಂಕ್, ಒಂದು ಕಬ್ಬಿಣದ ಒಲೆ, ಅಷ್ಟೇ.

ಒಲೆ ಪಕ್ಕದಲ್ಲಿ ಒಣ ಕಟ್ಟಿಗೆ ಜೋಡಿಸಿಟ್ಟಿತ್ತು. ದಪ್ಪದ್ದು ಕೆಳಗೆ, ಅದರ ಮೇಲೆ ಬೆರಳು ಗಾತ್ರದ ಚಕ್ಕೆಗಳು, ಪಕ್ಕದಲ್ಲಿ ಮಡಚಿಟ್ಟ ಹಳೇ ಪೇಪರ್. ಒಂದೇ ಕಡ್ಡಿಗೆ ಬೆಂಕಿ ಹತ್ತಿತು.

ಕೈ ಕಾಯಿಸುತ್ತಾ ಮಗಳು ಕೇಳಿದಳು, "ಅಮ್ಮ, ಇದನ್ನ ಇಟ್ಟೋರಿಗೆ ಥ್ಯಾಂಕ್ಸ್ ಹೇಳೋದು ಹೇಗೆ?"

ಗೋಡೆ ಪಕ್ಕದ ಪುಸ್ತಕ ತೆರೆದು ನೋಡಿದೆವು. ಬಂದವರು ಹೆಸರು, ಎಷ್ಟು ಜನ, ನಾಳೆ ಯಾವ ಕಡೆ ಎಂದೆಲ್ಲ ಬರೆದಿಡಬೇಕು. ಯಾರಾದರೂ ವಾಪಸ್ ಬರದಿದ್ದರೆ ಹುಡುಕುವವರಿಗೆ ಅದೇ ಸುಳಿವು. ಕೊನೆಯ ಸಾಲು ಎರಡು ದಿನ ಹಿಂದಿನದು. ಇಬ್ಬರು ಬಂದಿದ್ದರು, ಮಳೆ ಎಂದು ಬರೆದಿದ್ದರು. ಹಾಗಾದರೆ ಅವರೂ ಒದ್ದೆಯಾಗೇ ಬಂದಿರಬೇಕು ಅಲ್ವಾ? ಹೊರಡುವ ಮೊದಲು ಮುಂದಿನವರಿಗೆ ಒಣ ಕಟ್ಟಿಗೆ ಇಟ್ಟು ಹೋಗಬೇಕು ಎನ್ನುವುದು ಇಲ್ಲಿನ ರೂಢಿ. ನೋಡುವವರು ಯಾರೂ ಇರುವುದಿಲ್ಲ, ಆದರೂ ಇಡುತ್ತಾರೆ.

ರಾತ್ರಿ ನಿದ್ದೆ ಬರಲಿಲ್ಲ. ಹೊರಗೆ ರುರು ಗೂಬೆ ಕೂಗುತ್ತಿತ್ತು, ನನಗೆ ಮಲೆನಾಡಿನ ಬಚ್ಚಲುಮನೆ ನೆನಪಾಗುತ್ತಿತ್ತು. ಅಜ್ಜಿ ಮಲಗುವ ಮುಂಚೆ ಹಂಡೆ ಒಲೆಯ ಬಾಯಿಗೆ ಅಡಿಕೆ ಸೋಗೆ, ಕರಟ, ಸಣ್ಣ ಪುಳ್ಳೆ ತುಂಬಿ, ಹಸಿ ಕಟ್ಟಿಗೆಯನ್ನು ಬಿಸಿ ಬೂದಿಯ ಹತ್ತಿರ ಒಣಗಲು ಇಡುತ್ತಿದ್ದಳು. "ಬೆಳಿಗ್ಗೆ ಮೊದ್ಲು ಯಾರು ಏಳ್ತಾರೋ, ಕತ್ತಲಲ್ಲಿ ತಡಕಾಡಬಾರ್ದು" ಅನ್ನುತ್ತಿದ್ದಳು. ನಾವು ಮೊಮ್ಮಕ್ಕಳು ಬಿಸಿನೀರು ಸುರಿದುಕೊಂಡು ಶಾಲೆಗೆ ಓಡುತ್ತಿದ್ದೆವು. ಒಂದು ದಿನವೂ ಅವಳಿಗೆ ಥ್ಯಾಂಕ್ಸ್ ಹೇಳಿದ ನೆನಪಿಲ್ಲ. ಮನೆಯಲ್ಲಿ ಆ ಮಾತೇ ಇರಲಿಲ್ಲ.

ಅಷ್ಟು ಅಕ್ಕರೆಯಲ್ಲಿ ಬೆಳೆದ ನಾವೇ ಗೇಟು ದಾಟಿದ ಮೇಲೆ ಯಾಕೆ ಬೇರೆ ಆಗಿಬಿಡುತ್ತೇವೆ? ಕಳೆದ ಸಲ ಊರಿಗೆ ಹೋದಾಗ ಘಟ್ಟದ ಒಂದು ಗುಡ್ಡ ಹತ್ತಿದ್ದೆವು. ಮಳೆಗೆ ನಿಲ್ಲಲು ಕಟ್ಟಿದ ಮಂಟಪದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬರೀ ಬಾಟಲಿ, ಊಟದ ಪೊಟ್ಟಣ. ಮಗಳು ನನ್ನ ಮುಖ ನೋಡಿದ್ದಳು. ನಾನು ಏನೂ ಹೇಳದೆ ಅವಳ ಕೈ ಹಿಡಿದು ಮಳೆಯಲ್ಲೇ ಇಳಿದಿದ್ದೆ. ಅದು ಇವತ್ತಿಗೂ ಚುಚ್ಚುತ್ತದೆ.

ಬೆಳಿಗ್ಗೆ ಮಳೆ ನಿಂತಿತ್ತು. ಇವರು ಶೆಡ್ಡಿನಲ್ಲಿ ಕಟ್ಟಿಗೆ ಒಡೆದರು, ನಾನು ನೆಲ ಗುಡಿಸಿ ನಮ್ಮ ಕಸವನ್ನೆಲ್ಲ ಬ್ಯಾಗಿಗೆ ತುಂಬಿದೆ. ಮಗಳು ಚಕ್ಕೆಗಳನ್ನು ಒಂದೊಂದಾಗಿ ಕೆನ್ನೆಗೆ ಒತ್ತಿ ನೋಡುತ್ತಿದ್ದಳು. ತಣ್ಣಗಿದ್ದರೆ ಒದ್ದೆ ಅಂತ. ಅದನ್ನು ಅವಳಿಗೆ ಹೇಳಿಕೊಟ್ಟದ್ದು ನಾನು, ನನಗೆ ಅಜ್ಜಿ.

ಹೊರಡುವಾಗ ಪುಸ್ತಕದಲ್ಲಿ ನಮ್ಮ ಸಾಲು ಬರೆದೆ. ಅವಳು ಪೆನ್ನು ಕಿತ್ತುಕೊಂಡು, ತನಗೆ ಕನ್ನಡದಲ್ಲಿ ಬರೆಯಲು ಬರುವ ಒಂದೇ ಪದವಾದ ತನ್ನ ಹೆಸರನ್ನು ದಪ್ಪಗೆ ಬರೆದಳು. ಪಕ್ಕದಲ್ಲಿ ಒಂದು ಒಲೆಯ ಚಿತ್ರ.

ಈಗ ಮನೆಯಲ್ಲಿ ಜೋರು ಮಳೆ ಬಂದಾಗಲೆಲ್ಲ ಕಿಟಕಿ ಹತ್ತಿರ ನಿಂತು ಕೇಳುತ್ತಾಳೆ, "ನಮ್ಮ ಕಟ್ಟಿಗೆ ಇವತ್ತು ಯಾರಿಗೆ ಸಿಕ್ಕಿರಬಹುದು ಅಮ್ಮ?"