ಬೋರ್ಡ್ ಗೇಮ್ ಪ್ರಿಂಟಿಂಗ್ ಕೆಲಸ, ಮತ್ತೆ ಲೇಕ್ ಜಿನೀವಾದ ಸಾವಿರ ಡಬ್ಬ

ನಾನು ಬೆಂಗಳೂರಲ್ಲಿ ಒಂದು ಚಿಕ್ಕ ಬೋರ್ಡ್ ಗೇಮ್ ಕಂಪನೀಲಿ ಪ್ರೊಡಕ್ಷನ್ ನೋಡ್ಕೋತೀನಿ. ಗೇಮ್ ಡಿಸೈನ್ ಮಾಡೋನಲ್ಲ, ಡಿಸೈನ್ ಮಾಡಿದೋರ ಫೈಲ್ ಇಸ್ಕೊಂಡು ಪೇಪರ್ ತೂಕ ಎಷ್ಟು ಜಿಎಸ್‌ಎಂ, ಡಬ್ಬಕ್ಕೆ ಕಪ್ಪಾ ಬೋರ್ಡ್ ಅನ್ನೋ ಗಟ್ಟಿ ರಟ್ಟೋ ಬರೀ ಕಾರ್ಟನ್ನೋ, ಲ್ಯಾಮಿನೇಷನ್ ಮ್ಯಾಟೋ ಗ್ಲಾಸಿಯೋ ಅಂತ ಲೆಕ್ಕ ಹಾಕಿ, ಪ್ರೆಸ್ಸಿನೋರ ಹತ್ರ ಗುದ್ದಾಡಿ ಮಾಲು ತರಿಸೋನು. ಈಚೆಗೆ ರೋಲ್ ಪ್ಲೇಯಿಂಗ್ ಗೇಮ್ ಬರ್ಕೊಂಡು ಬರೋ ಹುಡುಗ್ರು ಜಾಸ್ತಿ ಆಗಿದಾರೆ. ಒಬ್ಬ ಕಥೆ ನಡೆಸ್ತಾನೆ, ಮಿಕ್ಕೋರು ಒಂದೊಂದು ಪಾತ್ರ ಹಿಡ್ಕೋತಾರೆ, ಗೆಲ್ಲೋದು ಬೀಳೋದು ದಾಳ ತೀರ್ಮಾನ ಮಾಡುತ್ತೆ, ಅಂಥ ಆಟ. ಎಲ್ಲರೂ ಕೇಳೋದು ಒಂದೇ, ಸಾವಿರ ಕಾಪಿಗೆ ಎಷ್ಟಾಗುತ್ತೆ ಸಾರ್ ಅಂತ. ನಾನು ರೇಟ್ ಹೇಳೋಕೆ ಮುಂಚೆ ಅಂಥದ್ದೇ ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಮೊದಲ ಸಾವಿರ ಕಾಪಿ ಕಥೆ ಹೇಳ್ತೀನಿ, ಕೆಲವರಿಗೆ ಬೋರ್ ಹೊಡೆಯುತ್ತೆ, ಪರವಾಗಿಲ್ಲ.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಲೇಕ್ ಜಿನೀವಾ ಅಂತ ಚಿಕ್ಕ ಊರು. ಅಲ್ಲಿ ಗ್ಯಾರಿ ಗೈಗ್ಯಾಕ್ಸ್ ಅಂತ ಒಬ್ರು, ಇನ್ಶೂರೆನ್ಸ್ ಕಂಪನೀಲಿ ಕೆಲಸ, 1970ರಲ್ಲಿ ಅದೂ ಹೋಯ್ತು. ಮನೆ ತುಂಬ ಮಕ್ಕಳು, ನೆಲಮಾಳಿಗೇಲಿ ಚಪ್ಪಲಿ ಶೂ ರಿಪೇರಿ ಮಾಡ್ತಾ ಪಕ್ಕದಲ್ಲೇ ಯುದ್ಧದ ಆಟಗಳ ರೂಲ್ಸ್ ಟೈಪ್ ಮಾಡ್ತಾ ಕೂತಿರ್ತಿದ್ರು. ಮಿನೆಸೋಟಾ ಕಡೆ ಡೇವ್ ಆರ್ನೆಸನ್ ಅನ್ನೋ ಹುಡುಗ ಆಗ್ಲೇ ಫ್ರೆಂಡ್ಸ್ ಜೊತೆ ಬ್ಲ್ಯಾಕ್‌ಮೂರ್ ಅಂತ ಒಂದು ಲೋಕ ಕಟ್ಕೊಂಡು ಈ ತರದ ಆಟ ಆಡಿಸ್ತಿದ್ದ. ಅವನ ನೋಟ್ಸು, ಇವರ ಟೈಪ್‌ರೈಟರು, ಎರಡೂ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಯ್ತು. ಆವತ್ತಿನ ದೊಡ್ಡ ಕಂಪನಿ ಅವಲಾನ್ ಹಿಲ್ ಬೇಡ ಅಂತು. ಬೋರ್ಡ್ ಇಲ್ಲ, ಗೆದ್ದೋರು ಸೋತೋರು ಇಲ್ಲ, ಮುಗಿಯೋದೂ ಇಲ್ಲ, ಇದನ್ನ ಆಟ ಅಂತ ಹೆಂಗೆ ಮಾರೋದು ಅಂತ ಯಾವ ಪಬ್ಲಿಷರ್‌ಗಾದ್ರೂ ಅನ್ಸುತ್ತೆ ಬಿಡಿ, ಅವರ ಜಾಗದಲ್ಲಿ ಇದ್ದಿದ್ರೆ ನಾನೂ ಬೇಡ ಅಂತಿದ್ನೇನೋ.

1973ರ ಅಕ್ಟೋಬರ್‌ನಲ್ಲಿ ಗೈಗ್ಯಾಕ್ಸ್ ಮತ್ತೆ ಬಾಲ್ಯದ ಗೆಳೆಯ ಡಾನ್ ಕೇ ಸೇರಿ ಟ್ಯಾಕ್ಟಿಕಲ್ ಸ್ಟಡೀಸ್ ರೂಲ್ಸ್ ಅಂತ ಪಾರ್ಟ್‌ನರ್‌ಶಿಪ್ ಮಾಡಿದ್ರು, ಆಮೇಲೆ ಎಲ್ರೂ ಟಿಎಸ್‌ಆರ್ ಅಂದ್ರಲ್ಲ ಅದೇ. ಕೇ ತನ್ನ ಇನ್ಶೂರೆನ್ಸ್ ಪಾಲಿಸಿ ಮೇಲೆ ಸಾಲ ಎತ್ತಿ 1000 ಡಾಲರ್ ಹಾಕಿದ. ಆದ್ರೂ ಮೂರು ಪುಸ್ತಕ ಪ್ರಿಂಟ್ ಮಾಡೋಷ್ಟು ಆಗ್ಲಿಲ್ಲ, ಅದಕ್ಕೆ ಮೊದಲು ಇಂಗ್ಲಿಷರ ಅಂತರ್ಯುದ್ಧದ ಮೇಲೆ ಒಂದು ಸಣ್ಣ ರೂಲ್ಸ್ ಪುಸ್ತಕ ತೆಗೆದು ಅದರ ಕಾಸಲ್ಲಿ ಇದನ್ನ ಮಾಡೋಣ ಅಂದ್ಕೊಂಡ್ರು, ಅದು ಅಷ್ಟೇನೂ ಓಡ್ಲಿಲ್ಲ. ಆಗ ಬ್ರಯನ್ ಬ್ಲೂಮ್ ಅನ್ನೋರು 2000 ಡಾಲರ್ ಹಾಕಿ ಮೂರನೇ ಪಾಲುದಾರ ಆದ್ರು. 1974ರ ಜನವರಿಗೆ ಸಾವಿರ ಡಬ್ಬ, ಒಂದಕ್ಕೆ 10 ಡಾಲರ್. ಪುಸ್ತಕ ಬರೆದಿದ್ದ ಆರ್ನೆಸನ್ ಮಾತ್ರ ಪಾಲುದಾರ ಅಲ್ಲ, ಅವನಿಗೆ ರಾಯಲ್ಟಿ. ಈ ಎರಡು ಏರ್ಪಾಡು ನೆನಪಿಟ್ಕೊಳಿ, ಮುಂದಕ್ಕೆ ಬರುತ್ತೆ.

ಆ ಮೊದಲ ಡಬ್ಬದ ಫೋಟೋ ನೋಡಿದ್ರೆ ನಮ್ಮ ಕಸುಬಿನೋರಿಗೆ ತಕ್ಷಣ ಅರ್ಥ ಆಗುತ್ತೆ. ಮರದ ಗೆರೆ ಥರ ಡಿಸೈನ್ ಇರೋ ಕಂದು ಡಬ್ಬ, ಅದರ ಮೇಲೆ ಬೇರೆ ಪ್ರಿಂಟ್ ಮಾಡಿದ ಲೇಬಲ್ ಅಂಟಿಸಿರೋದು. ಡಬ್ಬದ ಮೇಲೇ ಪ್ರಿಂಟ್ ಮಾಡ್ಸೋಕೆ ಹೋದ್ರೆ ಖರ್ಚು ಎಲ್ಲಿಗೋ ಹೋಗುತ್ತೆ, ಲೇಬಲ್ ಆದ್ರೆ ಒಂದು ಶೀಟಲ್ಲಿ ಮುಗೀತು, ಈಗ್ಲೂ ಕಮ್ಮಿ ಕಾಪಿ ಕೇಳ್ಕೊಂಡು ಬರೋರಿಗೆ ನಾನು ಇದನ್ನೇ ಹೇಳೋದು. ಒಳಗೆ ಸೆಂಟರ್ ಪಿನ್ ಹೊಡೆದ ಮೂರು ತೆಳು ಪುಸ್ತಕ. ಡಬ್ಬಕ್ಕೆ ತುಂಬೋದು, ಲೇಬಲ್ ಹಚ್ಚೋದು ಎಲ್ಲ ಮನೆಮಂದಿ ಕೈಕೆಲಸ, ಆರ್ಡರ್ ಹೋಗ್ತಿದ್ದಿದ್ದು ಕೇ ಮನೆ ಅಡ್ರೆಸ್ಸಿಗೆ.

ಇನ್ನು ಒಳಗಿನ ಮಾಲು. ಆ ಮೂರು ಪುಸ್ತಕ ಓದಿ ಯಾರೂ ಹೊಸಬರು ಆಟ ಶುರು ಮಾಡೋಕಾಗ್ತಿರ್ಲಿಲ್ಲ. ಬೇಕಾದ ಸಾಮಾನಿನ ಪಟ್ಟೀಲಿ ಚೈನ್‌ಮೇಲ್ ಅನ್ನೋ ಗೈಗ್ಯಾಕ್ಸ್ ಅವರದೇ ಹಳೇ ರೂಲ್ಸ್ ಪುಸ್ತಕ ಇತ್ತು, ಅದಾದ್ರೂ ಸರಿ, ಕಾಡು ಮೇಡು ಸುತ್ತೋ ಮ್ಯಾಪಿಗೆ ಔಟ್‌ಡೋರ್ ಸರ್ವೈವಲ್ ಅನ್ನೋ ಆಟ ತಗೊಳ್ಳಿ ಅಂತಲೂ ಇತ್ತು, ಅದು ಯಾರದ್ದು, ಇವರನ್ನ ಬೇಡ ಅಂದ ಅದೇ ಅವಲಾನ್ ಹಿಲ್‌ದು! ಕೊನೆಗೆ ಎರಿಕ್ ಹೋಮ್ಸ್ ಅನ್ನೋ ನರರೋಗದ ಡಾಕ್ಟರ್ ಪ್ರೊಫೆಸರ್ ಒಬ್ರು ತಾವಾಗೇ ಬಂದು, ಹೊಸಬರಿಗೆ ಅರ್ಥ ಆಗೋ ಹಂಗೆ ತಿದ್ದಿ ಬರೆದುಕೊಡ್ತೀನಿ ಅಂದ್ರು, 1977ರಲ್ಲಿ ಬೇಸಿಕ್ ಸೆಟ್ ಬಂತು. ನನ್ನ ಹತ್ರ ಬರೋ ರೂಲ್ಸ್ ಪುಸ್ತಕಗಳೂ ಬಹುತೇಕ ಹಂಗೇ, ಬರೆದೋನು ಪಕ್ಕದಲ್ಲಿ ಕೂತು ಆಡಿಸಿದ್ರೆ ಭರ್ಜರಿ, ಅವನು ಎದ್ದು ಟೀ ಕುಡಿಯೋಕೆ ಹೋದ್ರೆ ಆಟ ನಿಂತೋಗುತ್ತೆ. ಅದಕ್ಕೆ ಪ್ರಿಂಟಿಂಗ್ ಪ್ಲೇಟ್ ಹಾಕೋ ಮುಂಚೆ ಆ ಆಟ ಗೊತ್ತೇ ಇಲ್ಲದ ನಾಲ್ಕು ಜನಕ್ಕೆ ಬರೀ ಪುಸ್ತಕ ಕೊಟ್ಟು ಕೂರ್ಸಿ ಅಂತ ಹಠ ಹಿಡೀತೀನಿ.

ದಾಳದ ಕಥೆ ಇನ್ನೂ ಮಜಾ. ಈ ಆಟಕ್ಕೆ ನಾಲ್ಕು ಮುಖ, ಎಂಟು ಮುಖ, ಹನ್ನೆರಡು, ಇಪ್ಪತ್ತು ಮುಖದ ದಾಳ ಬೇಕು, ಆ ಕಾಲದಲ್ಲಿ ಅಂಗಡೀಲಿ ಎಲ್ಲಿ ಸಿಗ್ಬೇಕು, ಕ್ಯಾಲಿಫೋರ್ನಿಯಾದಲ್ಲಿ ಸ್ಕೂಲ್ ಮಕ್ಕಳಿಗೆ ಗಣಿತ ಕಲಿಸೋ ಸಾಮಾನು ಮಾರೋ ಕಂಪನಿಯಿಂದ ತರಿಸಿ ಇವರು ಬೇರೆಯಾಗಿ ಮಾರ್ತಿದ್ರು. ಅರಿಜೋನಾದ ಕೆನ್ ಸೇಂಟ್ ಆಂಡ್ರೆ ಈ ಆಟ ಓದಿ, ಇದು ವಿಪರೀತ ಗೋಜಲು ಅಂತ ಹೇಳಿ 1975ರಲ್ಲಿ ಟನಲ್ಸ್ ಅಂಡ್ ಟ್ರೋಲ್ಸ್ ಅಂತ ತನ್ನದೇ ಒಂದು ಬರ್ದು ಬರೀ 100 ಕಾಪಿ ಪ್ರಿಂಟ್ ಹಾಕ್ಸಿದ, ಅದಕ್ಕೆ ಬೇಕಾಗಿದ್ದು ಎಲ್ಲರ ಮನೇಲೂ ಇರೋ ಆರು ಮುಖದ ದಾಳ ಅಷ್ಟೇ. ಪ್ರೊಡಕ್ಷನ್ನೋನಾಗಿ ನನ್ನ ಓಟು ಅವನಿಗೇ. ಯಾಕಂದ್ರೆ 1979ರ ಹೊತ್ತಿಗೆ ಟಿಎಸ್‌ಆರ್ ಆಟ ಎಷ್ಟು ಓಡ್ತಿತ್ತು ಅಂದ್ರೆ ದಾಳ ಪೂರೈಕೆ ಆಗ್ದೇ ಡಬ್ಬದೊಳಗೆ ನಂಬರ್ ಪ್ರಿಂಟ್ ಮಾಡಿದ ಚೀಟಿ ಹಾಕಿ ಕಳಿಸಿದ್ರು, ಕತ್ತರಿಸಿ ಲೋಟಕ್ಕೆ ಹಾಕಿ ಕುಲುಕಿ ಎತ್ಕೊಳಿ ಅಂತ. ಇಷ್ಟು ಹಿಟ್ ಆಗಿರೋ ಮಾಲು ಒಂದು ಚೂರು ಪ್ಲಾಸ್ಟಿಕ್ಕಿಗೆ ಕಾಯ್ತಾ ಕೂರೋದು ಎಂಥ ಹಿಂಸೆ ಅಂತ ಗೊತ್ತಿದ್ದೋರಿಗೇ ಗೊತ್ತು, ನಮ್ಮಲ್ಲೂ ಕಾರ್ಡು ಪುಸ್ತಕ ಎಲ್ಲ ರೆಡಿಯಾಗಿ ಕಾಯಿನ್ ಬರ್ದೇ ಗೋಡೌನಲ್ಲಿ ಡಬ್ಬ ಬಾಯಿ ಬಿಟ್ಕೊಂಡು ಇರ್ತವೆ.

ಈಗ ಆ ಏರ್ಪಾಡಿಗೆ ಬರ್ತೀನಿ. ಮೊದಲ ಸಾವಿರ ಕಾಪಿ ಒಂದು ವರ್ಷದೊಳಗೆ ಹೋಯ್ತು, ಎರಡನೇದಕ್ಕೆ ಕೈ ಹಾಕೋ ಹೊತ್ತಿಗೆ 1975ರ ಜನವರಿ ಕೊನೇಲಿ ಡಾನ್ ಕೇ ಹಾರ್ಟ್ ಅಟ್ಯಾಕಲ್ಲಿ ತೀರ್ಕೊಂಡ, ವಯಸ್ಸು ಇನ್ನೂ 36. ಅವನ ಪಾಲು ಹೆಂಡತಿಗೆ ಹೋಯ್ತು, ಆಯಮ್ಮನಿಗೆ ಈ ವ್ಯಾಪಾರ ಬೇಡ, ಸರಿ, ಆದ್ರೆ ಕೊಂಡ್ಕೊಳ್ಳೋಕೆ ಗೈಗ್ಯಾಕ್ಸ್ ಹತ್ರ ದುಡ್ಡಿಲ್ಲ. ಹೊಸ ಕಂಪನಿ ಮಾಡಿ ಬ್ಲೂಮ್ ಮನೆಯೋರು ದುಡ್ಡು ಹಾಕಿದ್ರು, ಹಾಕಿದ ಮೇಲೆ ಗೈಗ್ಯಾಕ್ಸ್ ಪಾಲು ಅರ್ಧಕ್ಕಿಂತ ಕೆಳಗಿಳೀತು. ಹತ್ತು ವರ್ಷ ಆದ್ಮೇಲೆ, 1985ರಲ್ಲಿ, ಬ್ಲೂಮ್‌ಗಳ ಷೇರು ಕಂಪನಿ ಆಡಳಿತಕ್ಕೆ ಬಂದಿದ್ದ ಲೊರೇನ್ ವಿಲಿಯಮ್ಸ್ ಕೈಗೆ ಹೋದಾಗ ಗೈಗ್ಯಾಕ್ಸ್ ತಾನೇ ಕಟ್ಟಿದ ಕಂಪನಿಯಿಂದ ಹೊರಗೆ. ಎಲ್ರೂ ಆ 1985ರ ಬೋರ್ಡ್ ಮೀಟಿಂಗ್ ಬಗ್ಗೆನೇ ಮಾತಾಡ್ತಾರೆ, ನನಗೆ ಮಾತ್ರ ಅದು 1975ರಲ್ಲೇ ತೀರ್ಮಾನ ಆಗೋಗಿತ್ತು ಅನ್ಸುತ್ತೆ.

ಆರ್ನೆಸನ್ ಕಡೆದು ಬೇರೆ ರಗಳೆ. ಆಟದ ಹೆಸರಿಗೆ ಮುಂದೆ ಅಡ್ವಾನ್ಸ್ಡ್ ಅಂತ ಸೇರಿಸಿ ಹೊಸ ದಪ್ಪ ಪುಸ್ತಕಗಳು ಬಂದ್ವು, ಅವುಗಳ ಮೇಲೆ ಗೈಗ್ಯಾಕ್ಸ್ ಹೆಸರು ಮಾತ್ರ. ಇದು ಬೇರೆ ಆಟ, ಇದಕ್ಕೆ ನಿನಗೆ ರಾಯಲ್ಟಿ ಇಲ್ಲ ಅಂದ್ರು, ಅವನು 1979ರಲ್ಲಿ ಕೋರ್ಟಿಗೆ ಹೋದ, 1981ರಲ್ಲಿ ರಾಜಿ ಆಯ್ತು. ಇದಕ್ಕೂ ಮುಂಚೆ 1977ರಲ್ಲಿ ಲಾರ್ಡ್ ಆಫ್ ದಿ ರಿಂಗ್ಸ್ ಬರೆದ ಟೋಲ್ಕಿನ್ ಪುಸ್ತಕಗಳ ಹಕ್ಕು ಇದ್ದೋರಿಂದ ನೋಟಿಸ್ ಬೇರೆ, ಅವರ ಕಥೆಯ ಕುಳ್ಳ ಜನ ಹಾಬಿಟ್ ಅನ್ನೋದೆಲ್ಲ ಹಾಫ್‌ಲಿಂಗ್ ಆಯ್ತು, ಮುಂದಿನ ಪ್ರಿಂಟಿಗೆ ಪುಟ ತಿದ್ದು. (ನಮ್ಮ ರಾಕ್ಷಸನೂ ಅದೇ ವರ್ಷ ಈ ಆಟಕ್ಕೆ ಬಂದ ಭೂತ ಪ್ರಾಣಿಗಳ ಪುಸ್ತಕ ಮಾನ್ಸ್ಟರ್ ಮ್ಯಾನುಯಲ್‌ನಲ್ಲಿ ಇದಾನೆ, ಹುಲಿ ತಲೆ, ಕೈಯಲ್ಲಿ ಪೈಪು. ಪುಣ್ಯಕ್ಕೆ ಅವನಿಗೆ ಕಾಪಿರೈಟ್ ಓನರ್ ಯಾರೂ ಇಲ್ಲ.) ಇಂಥ ಫೈಂಡ್ ರಿಪ್ಲೇಸ್ ಕೆಲಸ ಅಂದ್ರೆ ನನಗೆ ಈಗ್ಲೂ ಭಯ. ಟಿಎಸ್‌ಆರ್‌ನೋರೇ ಎಷ್ಟೋ ವರ್ಷ ಆದ್ಮೇಲೆ ಒಂದು ಪುಸ್ತಕದಲ್ಲಿ ಮೇಜ್ (ಅಂದ್ರೆ ಮಾಂತ್ರಿಕ) ಅನ್ನೋದನ್ನೆಲ್ಲ ವಿಝರ್ಡ್ ಮಾಡೋಕೆ ಹೋಗಿ ಡ್ಯಾಮೇಜ್ ಅನ್ನೋದೆಲ್ಲ ಡಾವಿಝರ್ಡ್ ಆಗಿ ಪ್ರಿಂಟ್ ಆಗಿತ್ತು. ನಮ್ಮ ಡಿಟಿಪಿ ಹುಡುಗ ಒಂದ್ಸಲ ದಾಳ ಅನ್ನೋದನ್ನೆಲ್ಲ ಡೈಸ್ ಮಾಡ್ದಾಗ ದಾಳಿ ಅಂತ ಇದ್ದ ಕಡೆಯೆಲ್ಲ ಡೈಸ್ ಪಕ್ಕ ಒಂದು ಗುಡಿಸು ಅನಾಥವಾಗಿ ನಿಂತಿತ್ತು, ಪ್ರೂಫಲ್ಲೇ ಸಿಕ್ತು.

ಮಾರಾಟದ ಕಡೆ ಎರಡೇ ಮಾತು. ಲಂಡನ್ನಿನ ಗೇಮ್ಸ್ ವರ್ಕ್‌ಶಾಪ್ ಹುಡುಗ್ರು ಆರೇ ಆರು ಕಾಪಿ ಆರ್ಡರ್ ಮಾಡಿ ಇಡೀ ಯುರೋಪಿಗೆ ಮೂರು ವರ್ಷದ ಎಕ್ಸ್‌ಕ್ಲೂಸಿವ್ ಹಕ್ಕು ತಗೊಂಡ್ರು, ಆವತ್ತಿಗೆ ಅದು ಎರಡೂ ಕಡೆಗೂ ಲಾಭವೇ. ಆಮೇಲೆ 1979ರಲ್ಲಿ ದೊಡ್ಡ ಪ್ರಕಾಶನ ಸಂಸ್ಥೆ ರ‍್ಯಾಂಡಮ್ ಹೌಸ್ ಜೊತೆ ಡೀಲ್ ಆಗಿ ಪುಸ್ತಕದಂಗಡಿಗಳಿಗೆ ಮಾಲು ಹೋಗೋಕೆ ಶುರುವಾಯ್ತು. ಮಾಲು ಕಳಿಸಿದ್ರೆ ಮುಂಗಡ, ಮಾರಾಟ ಆಗ್ದೇ ವಾಪಸ್ ಬಂದ್ರೆ ಅದು ಸಾಲ. ಕೈಗೆ ಕಾಸು ಬೇಕಾದಾಗೆಲ್ಲ ಇನ್ನೊಂದು ಪುಸ್ತಕ ಪ್ರಿಂಟ್ ಮಾಡಿ ಕಳ್ಸೋದು ಅಭ್ಯಾಸ ಆಗಿ, ತೊಂಬತ್ತರ ದಶಕದಲ್ಲಿ ವಾಪಸ್ ಬಂದ ಲೋಡು ಹೊರೋಕಾಗ್ದೇ 1997ರಲ್ಲಿ ಕಂಪನಿ ವಿಝರ್ಡ್ಸ್ ಆಫ್ ದಿ ಕೋಸ್ಟ್ ಅನ್ನೋ ಇನ್ನೊಂದು ಗೇಮ್ ಕಂಪನಿ ಪಾಲಾಯ್ತು.

ಇಷ್ಟೆಲ್ಲ ಕೇಳಿದ್ಮೇಲೂ ಹುಡುಗ್ರು ಮತ್ತೆ ಸಾವಿರ ಕಾಪಿ ರೇಟೇ ಕೇಳ್ತಾರೆ, ಕೊಡ್ತೀನಿ. ಜೊತೆಗೆ ಮೂರು ಕೇಳ್ತೀನಿ. ಎರಡನೇ ಪ್ರಿಂಟಿಗೆ ದುಡ್ಡು ಯಾರು ಹಾಕ್ತಾರೆ? ಬರೆದೋರು ಇಬ್ಬರಿದ್ರೆ ಮುಂದಿನ ಎಡಿಷನ್ನಿಗೂ ಇಬ್ಬರ ಹೆಸರು ಇರುತ್ತಾ, ಅದು ಪೇಪರಲ್ಲಿ ಇದೆಯಾ? ನಿಮ್ಮಲ್ಲೊಬ್ಬರಿಗೆ ಏನಾದ್ರೂ ಆದ್ರೆ ಅವರ ಮನೆಯೋರ ಪಾಲು ಯಾರು ಕೊಂಡ್ಕೋತೀರ? ಮೂರನೇದಕ್ಕೆ ಎಲ್ರೂ ನಗ್ತಾರೆ, ಬಿಡಿ ಸಾರ್ ಅಂತಾರೆ. ಅದಕ್ಕೂ ಉತ್ತರ ಬರ್ಕೊಂಡು ಸೈನ್ ಮಾಡ್ಕೊಂಡು ಬಂದೋರಿಗೆ ನಾನು ಪ್ರೆಸ್ಸಿನೋರ ಹತ್ರ ಕ್ರೆಡಿಟ್ ಕೇಳಿ ಕೊಡಿಸ್ತೀನಿ, ಮಿಕ್ಕೋರಿಗೆ ಪೂರ್ತಿ ಅಡ್ವಾನ್ಸ್.