ಅಡ್ಮಿಟ್ ಆಗದೆ ಕುಡಿತ ಬಿಡೋಕೆ ಆಗುತ್ತಾ?

ನಾನು ವ್ಯಸನ ಚಿಕಿತ್ಸೆಯಲ್ಲಿ ಕೌನ್ಸೆಲರ್ ಅಂತ ಗೊತ್ತಾದ ಕೂಡಲೇ ಜನ ಪಕ್ಕಕ್ಕೆ ಕರೆದು ಕೇಳುವುದು ಇದನ್ನೇ: "ಎಲ್ಲೂ ಸೇರಿಸದೆ, ಕೆಲಸವನ್ನೂ ಬಿಡದೆ, ಮನೆಯಿಂದ ಹೋಗಿ ಬಂದು ಚಿಕಿತ್ಸೆ ತಗೊಳ್ಳಬಹುದಾ? ಹತ್ತಿರದಲ್ಲಿ ಒಳ್ಳೆ ಜಾಗ ಹುಡುಕೋದು ಹೇಗೆ?"

ತಗೊಳ್ಳಬಹುದು. ತುಂಬಾ ಜನರಿಗೆ ಅಷ್ಟೇ ಸಾಕು. ಆದರೆ ದಿನಾ ಜಾಸ್ತಿ ಕುಡಿಯುವವರು ತಾವಾಗಿಯೇ ಒಂದೇ ಸಲಕ್ಕೆ ನಿಲ್ಲಿಸಬಾರದು. ಕೈನಡುಕ, ಬೆವರು ಹೇಗೋ ಸಹಿಸಬಹುದು. ಕೆಲವರಿಗೆ ಮೊದಲ 48 ಗಂಟೆಯೊಳಗೆ ಫಿಟ್ಸ್ ಬರುತ್ತದೆ. ಎರಡನೇ ದಿನದಿಂದ ನಾಲ್ಕನೇ ದಿನದ ನಡುವೆ ಸನ್ನಿ ಹಿಡಿದಂತಾಗಿ ಇಲ್ಲದ್ದೆಲ್ಲ ಕಾಣಬಹುದು. ಅದು ಪ್ರಾಣಕ್ಕೇ ಅಪಾಯ. ಹಿಂದೆ ಹೀಗಾಗಿದ್ದವರು ಕೆಲವು ದಿನ ಆಸ್ಪತ್ರೆಯಲ್ಲಿದ್ದು, ಆಮೇಲೆ ಹೊರರೋಗಿಯಾಗಿ ಮುಂದುವರಿಯುವುದು ಒಳ್ಳೆಯದು. ಬಹಳ ದಿನದಿಂದ ನಿದ್ದೆ ಮಾತ್ರೆ ನುಂಗುವವರೂ ಅಷ್ಟೇ, ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

ಹಾಗಾಗಿ ಮೊದಲ ಭೇಟಿಯಲ್ಲೇ ಆ ಜಾಗದ ಯೋಗ್ಯತೆ ಗೊತ್ತಾಗುತ್ತದೆ. ಎಷ್ಟು ಕುಡಿಯುತ್ತೀರಿ, ಕೊನೆಯದಾಗಿ ಕುಡಿದದ್ದು ಯಾವಾಗ, ಫಿಟ್ಸ್ ಬಂದಿತ್ತಾ, ಬೇರೆ ಯಾವ ಮಾತ್ರೆ ತಗೊಳ್ತೀರಿ, ಮನಸ್ಸು ಹೇಗಿದೆ ಅಂತ ಕೂರಿಸಿ ಕೇಳಬೇಕು. ಇದೇನೂ ಕೇಳದೆ "ಇಷ್ಟು ದಿನದಲ್ಲಿ ಗ್ಯಾರಂಟಿ ಬಿಡಿಸ್ತೀವಿ" ಅಂದರೆ ಎದ್ದು ಬನ್ನಿ. "ಅವರಿಗೆ ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸಿ" ಅಂತ ಔಷಧಿ ಕೊಡುವವರ ಹತ್ತಿರವಂತೂ ಹೋಗಲೇಬೇಡಿ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಎಂಬ ಮಾತ್ರೆ ಹೊಟ್ಟೆಯಲ್ಲಿರುವಾಗ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಕುಸಿಯಬಹುದು. ವಿಷಯ ಗೊತ್ತಿದ್ದು, ಒಪ್ಪಿ ತಗೊಳ್ಳುವವರಿಗೆ ಮಾತ್ರ ಆ ಮಾತ್ರೆ.

ಮಾತ್ರೆ ಅಂದರೆ ಅದೊಂದೇ ಅಲ್ಲ. ಕುಡಿತದ ಸೆಳೆತ ತಗ್ಗಿಸಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಇವೆ. ಹೆರಾಯಿನ್ ಅಥವಾ ಅದೇ ಜಾತಿಯ ನೋವಿನ ಮಾತ್ರೆಗಳ ಚಟಕ್ಕೆ ಬ್ಯುಪ್ರೆನಾರ್ಫಿನ್, ಮೆಥಡೋನ್ ಇವೆ. ಇವೂ ಅದೇ ಜಾತಿಯವಾದ್ದರಿಂದ "ಒಂದು ಚಟ ಬಿಟ್ಟು ಇನ್ನೊಂದು ಹಿಡಿದ ಹಾಗಾಯ್ತಲ್ಲ" ಅಂತ ಮೂಗು ಮುರಿಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಈ ಚಿಕಿತ್ಸೆ ಸಾವನ್ನು ಕಡಿಮೆ ಮಾಡುತ್ತದೆ. ಹೆರಾಯಿನ್‌ನಂಥದ್ದನ್ನು ಸ್ವಲ್ಪ ದಿನ ಬಿಟ್ಟ ಮೇಲೆ ದೇಹಕ್ಕೆ ಹಳೆಯ ಡೋಸ್ ತಡೆಯುವ ಶಕ್ತಿ ಇರುವುದಿಲ್ಲ. ಆಗ ಅಷ್ಟನ್ನೇ ಮತ್ತೆ ತಗೊಂಡರೆ ಉಸಿರು ನಿಂತು ಹೋಗಬಹುದು.

ಹುಡುಕುವುದನ್ನು ನಿಮ್ಮ ಮಾಮೂಲಿ ಡಾಕ್ಟರಿಂದಲೋ, ದೊಡ್ಡ ಆಸ್ಪತ್ರೆಯ ಮನೋವೈದ್ಯ ವಿಭಾಗದಿಂದಲೋ ಶುರು ಮಾಡಿ. ಫೋನಿನಲ್ಲಿ ಒಂದು ಪ್ರಶ್ನೆ ಮರೆಯದೆ ಕೇಳಿ: "ನಡುವೆ ಮತ್ತೆ ಕುಡಿದರೆ ಏನು ಮಾಡ್ತೀರಿ?" ಹೊರಗೆ ಹಾಕುತ್ತೇವೆ ಅನ್ನುವ ಕಡೆ ಬೇಡ. ಮತ್ತೆ ಜಾರುವುದು ಈ ಕಾಯಿಲೆಯಲ್ಲಿ ಮಾಮೂಲು, ಚಿಕಿತ್ಸೆ ಬದಲಿಸಬೇಕು ಅನ್ನುವ ಸೂಚನೆ ಅಷ್ಟೆ. ಸಮಯವನ್ನೂ ವಿಚಾರಿಸಿ. ವಾರಕ್ಕೊಂದು ಭೇಟಿಯಿಂದ ಹಿಡಿದು ವಾರಕ್ಕೆ 9 ಗಂಟೆ ಅಥವಾ ಜಾಸ್ತಿ ಕೂರಿಸುವ ಕಾರ್ಯಕ್ರಮಗಳವರೆಗೂ ಇವೆ. ದೂರದ ಹೆಸರುವಾಸಿ ಜಾಗಕ್ಕಿಂತ, ತಪ್ಪದೆ ಹೋಗಲು ಆಗುವ ಹತ್ತಿರದ ಸಾಧಾರಣ ಜಾಗ ವಾಸಿ. ಕುಡಿತ ಬಿಡಲು ಹೊರಟವರು ಒಬ್ಬರಿಗೊಬ್ಬರು ನೆರವಾಗುವ, 1935ರಲ್ಲಿ ಶುರುವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟದ ಸಭೆಗಳಿಗೆ ಶುಲ್ಕವಿಲ್ಲ. ಚಿಕಿತ್ಸೆಯ ಜೊತೆಗೆ ಹೋಗಬಹುದು, ಅದರ ಬದಲಿಗಲ್ಲ.

"ಅವರು ಬರೋಕೇ ಒಪ್ಪಲ್ಲ" ಅನ್ನುವವರು ಜಾಸ್ತಿ. ಹಾಗಿದ್ದರೆ ನೀವೊಬ್ಬರೇ ಹೋಗಿ. ಅವರು ಕುಡಿಯದಿದ್ದಾಗ ಹೇಗೆ ಮಾತಾಡಬೇಕು, ಕುಡಿದಾಗ ಯಾವುದನ್ನು ಮುಚ್ಚಿಹಾಕಬಾರದು ಅಂತ ಮನೆಯವರಿಗೆ ಕಲಿಸುವ ಪದ್ಧತಿಗಳೂ ಇವೆ. ಹೀಗೆ ಕಲಿತವರ ಮನೆಯಿಂದ ಎಷ್ಟೋ ಜನ ಆಮೇಲೆ ತಾವಾಗಿಯೇ ಬರುತ್ತಾರೆ.