ಸಿಂಗ

ಸುಮಾತ್ರಾದ ತೋಬಾ ಸರೋವರದ ನಡುವಿನ ದ್ವೀಪ ಸಮೋಸಿರ್‌ನಲ್ಲಿ ಇವತ್ತು ಇಲ್ಲಿನ ಬಟಕ್ ಜನರ ಒಂದು ಹಳೆಯ ಮನೆಯ ಮುಂದೆ ತುಂಬಾ ಹೊತ್ತು ನಿಂತಿದ್ದೆ. ಕಂಬಗಳ ಮೇಲೆ ಎತ್ತಿ ಕಟ್ಟಿದ ಮರದ ಮನೆ. ಚಾವಣಿ ದೋಣಿಯ ಹಾಗೆ ಎರಡೂ ತುದಿಯಲ್ಲಿ ಮೇಲಕ್ಕೆ ಬಾಗಿದೆ. ಮುಂಭಾಗದ ಎರಡೂ ಬದಿಯಲ್ಲಿ, ತೊಲೆಯ ತುದಿಗೆ ಒಂದೊಂದು ಕೆತ್ತಿದ ಮುಖ. ಉಬ್ಬಿದ ದುಂಡು ಕಣ್ಣು, ಉದ್ದ ಮೂತಿ. ಕೆಂಪು, ಕಪ್ಪು, ಬಿಳಿ, ಈ ಮೂರೇ ಬಣ್ಣ.

ಇದರ ಹೆಸರು ಸಿಂಗ. ನಮ್ಮ ಸಿಂಹವೇ! ಸಂಸ್ಕೃತದ ಪದ ಕಡಲು ದಾಟಿ ಇಲ್ಲಿಗೂ ಬಂದಿದೆ. ಆದರೆ ಸುಮಾತ್ರಾದ ಕಾಡಲ್ಲಿ ಹುಲಿ ಇದೆ, ಸಿಂಹ ಇಲ್ಲ. ಹಾಗಾಗಿ ಈ ಮುಖದಲ್ಲಿ ಸಿಂಹ ಹುಡುಕಿದರೆ ಸಿಗುವುದಿಲ್ಲ. ಸ್ವಲ್ಪ ಮನುಷ್ಯ, ಸ್ವಲ್ಪ ಕೋಣ, ಸ್ವಲ್ಪ ನಾಗ. ಕೆಟ್ಟದ್ದು ಒಳಗೆ ಬರದಂತೆ ಮನೆ ಕಾಯುವುದು ಇದರ ಕೆಲಸ.

ಕಣ್ಣು ಅಷ್ಟು ದೊಡ್ಡದಾಗಿದ್ದರೂ ನನಗೆ ಭಯವಾಗಲಿಲ್ಲ. ಊರಿನ ಮನೆಯಲ್ಲಿ ಅಜ್ಜಿ ರಾತ್ರಿ ಚಿಲಕ ಹಾಕಿದ ಮೇಲೂ ಇನ್ನೊಮ್ಮೆ ಎದ್ದು ಬಾಗಿಲು ನೋಡುತ್ತಿದ್ದರು. ಅದು ನೆನಪಾಯಿತು. ಮಲಗಿದವರಿಗಾಗಿ ಯಾರೋ ಒಬ್ಬರು ಎಚ್ಚರ ಇರಬೇಕು, ಅಲ್ವಾ?

ಗೋಡೆಯ ಮೇಲೆ ಪುಟ್ಟ ಹಲ್ಲಿಯನ್ನೂ ಕೆತ್ತಿದ್ದಾರೆ. ನಾಳೆ ಅದನ್ನು ಹತ್ತಿರದಿಂದ ನೋಡಬೇಕು.